ನಾರು ತುಂಡಾದ ವರ್ಷ

ನಾರುಹುಣ್ಣು ಈಗ ನಮ್ಮ ಕಡೆ ಇಲ್ಲ. ನನ್ನ ಮೊಮ್ಮಗಳು ಶಾಲೆಯಲ್ಲಿ ಪಾಠ ಹೇಳುವವಳು, ಅವಳೂ ಅದನ್ನು ಕಂಡಿಲ್ಲ. ಕಾಲಿನೊಳಗಿಂದ ದಾರದಂಥ ಬಿಳಿ ಹುಳು, ಎರಡು ಮೊಳ ಉದ್ದದ್ದು, ದಿನಕ್ಕಿಷ್ಟಿಷ್ಟೇ ಹೊರಗೆ ಬರುತ್ತಿತ್ತು ಎಂದರೆ ಮುಖ ಕಿವುಚುತ್ತಾಳೆ. ನಾನು ಹೇಳಿದ್ದನ್ನು ಕೇಳಿ ಇದನ್ನು ಬರೆದವಳು ಅವಳೇ. ಹುಳು ಹೋಯಿತು. ಆದರೆ ದುಡಿಯುವವನು ಹಾಸಿಗೆ ಹಿಡಿದಾಗ ಮನೆಯಲ್ಲಿ ಏನೇನು ನಡೆಯುತ್ತದೋ ಅದು ಹೋಗಿಲ್ಲ. ಈ ವರ್ಷ ನಮ್ಮ ಓಣಿಯ ಹುಡುಗನೊಬ್ಬ ಬೆನ್ನು ಮುರಿದುಕೊಂಡು ಮಲಗಿದ. ನೋಡಲು ಹೋದರೆ ಗೋಡೆಯ ಕಡೆ ತಿರುಗಿ, "ನನ್ನ ಸಲುವಾಗಿ ಎಲ್ಲಾ ಹಾಳಾತು, ಮುತ್ಯಾ" ಎಂದ. ಅವನ ಪಕ್ಕದಲ್ಲಿ ಕುಳಿತು ಹೇಳಿದ್ದನ್ನೇ ಇಲ್ಲಿ ಬರೆಸುತ್ತಿದ್ದೇನೆ.

ಆಗ ನಿಜಾಮರ ರಾಜ್ಯ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತಂತೆ. ಜೋಳದ ಧಾರಣೆ ಏರಿದಾಗ, ಸೀಮೆಎಣ್ಣೆ ಸಿಗದೆ ಹೋದಾಗ ಮಾತ್ರ ನಮಗದು ಗೊತ್ತಾಗುತ್ತಿತ್ತು. ನಮ್ಮ ಊರು ದೇವದುರ್ಗ. ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ರಾಯಚೂರಿನ ಒಬ್ಬ ಸಾವುಕಾರರ ಬಂಡಿ ಹೊಡೆಯುತ್ತಿದ್ದೆ. ದೇವದುರ್ಗ, ಮಾನ್ವಿ ಕಡೆಯ ಶೇಂಗಾ, ಹತ್ತಿ ಹೇರಿಕೊಂಡು ರಾಯಚೂರಿಗೆ ಹೋಗುವುದು, ಬರುವಾಗ ಉಪ್ಪು, ಬೆಲ್ಲ, ಬಟ್ಟೆಯ ಗಂಟು ತರುವುದು. ಎತ್ತೂ ಅವರದೇ, ಬಂಡಿಯೂ ಅವರದೇ, ವಾರದ ಪಗಾರ ಮಾತ್ರ ನನ್ನದು. ಸ್ವಂತದ್ದೊಂದು ಜೋಡಿ ಎತ್ತು, ಒಂದು ಬಂಡಿ ಮಾಡಿಕೊಂಡರೆ ಬಾಡಿಗೆ ಪೂರ್ತಿ ನನಗೇ ಉಳಿಯುತ್ತದೆ ಎಂಬುದೊಂದೇ ಆಸೆ.

ನನ್ನ ಜೊತೆಗೆ ಅದೇ ಸಾವುಕಾರರ ಇನ್ನೊಂದು ಬಂಡಿ ಹೊಡೆಯುತ್ತಿದ್ದವನು ಮಾನ್ವಿಯ ಶರಣಪ್ಪ. ನನ್ನದೇ ವಯಸ್ಸು, ನನ್ನಷ್ಟೇ ಪಗಾರ. ಅವನಿಗೂ ಅದೇ ಆಸೆ. ಅವನು ಲಿಂಗ ಕಟ್ಟಿದವನು, ನಾನು ಊರ ಹೊರಗಿನ ಕೇರಿಯವನು. ಸಾವುಕಾರರ ಅಂಗಡಿಯ ಮುಂದೆ ನಾನು ಅವನನ್ನು 'ಶರಣಪ್ಪಾರ' ಎನ್ನುತ್ತಿದ್ದೆ. ರಾಯಚೂರಿನ ಹತ್ತಿರದ ಕಲ್ಮಲ ಊರು ದಾಟಿ ದಾರಿಯಲ್ಲಿ ನಾವಿಬ್ಬರೇ ಆದಮೇಲೆ ಅವನೇ, "ಹೆಸರ ಹಿಡದು ಕರಿಯೋ ಮಾರಾಯಾ" ಎನ್ನುತ್ತಿದ್ದ.

ಅವನ ಗಂಟು ಬೆಳೆಯಿತು. ನನ್ನದು ಬೆಳೆಯಲಿಲ್ಲ. ನಾನು ಕುಡಿಯುವವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಪಗಾರವನ್ನು ಯವ್ವನ ಕೈಗೆ ಕೊಡುತ್ತಿದ್ದೆ. ಅವಳು ಒಂದು ಹಳೇ ಕುಪ್ಪಸದ ಬಟ್ಟೆಯಲ್ಲಿ ಕಟ್ಟಿ ಜೋಳದ ಗಡಿಗೆಯಲ್ಲಿ ಹುದುಗಿಸಿ ಇಡುತ್ತಿದ್ದಳು. ಮೊದಲ ಸಲ ಅದು ಒಂದಿಷ್ಟು ಭಾರವಾಗುವ ಹೊತ್ತಿಗೆ ಅಪ್ಪ ಕೆಮ್ಮಿ ಕೆಮ್ಮಿ ಸತ್ತ. ಔಷಧಿಗೆ ಅರ್ಧ ಹೋಯಿತು, ಮಣ್ಣು ಮಾಡಲು, ದಿನ ಮಾಡಲು ಉಳಿದರ್ಧ. ಎರಡನೆಯ ಸಲ ಮಳೆಗಾಲದಲ್ಲಿ ಮಾಳಿಗೆಯ ಮಣ್ಣು ಕುಸಿದು ಒಂದು ಮೂಲೆ ಪೂರ್ತಿ ಬಿತ್ತು. ನಾನು, ಯವ್ವ, ತಂಗಿ ನಾಗಿ, ಮೂವರೂ ಎಲ್ಲಿ ಮಲಗಬೇಕು? ತೊಲೆ ತರಬೇಕಾಯಿತು. ಇವೆರಡಲ್ಲದೆ ಪ್ರತಿ ಬೇಸಿಗೆಗೂ ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ನಾರು ಏಳುತ್ತಿತ್ತು. ಅಪ್ಪನಿಗೆ ಒಮ್ಮೆ, ಯವ್ವನಿಗೆ ಎರಡು ಸಲ. ನಾರು ಎದ್ದವರು ಒಂದೂವರೆ ತಿಂಗಳು ಕೂಲಿಗೆ ಹೋಗುವಂತಿಲ್ಲ.

ಸಾವುಕಾರರು ಕೆಟ್ಟವರಲ್ಲ. ಪಗಾರ ಒಂದು ದಿನ ತಡ ಮಾಡಿದವರಲ್ಲ. ಆದರೆ ವಾರಕ್ಕೊಮ್ಮೆ ದುಡ್ಡು ಎಣಿಸಿ ಕೊಡುವಾಗ ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳುತ್ತಿದ್ದರು:

"ಲೇ ಹಣಮ್ಯಾ, ಇಂವನ್ನ ನೋಡಿ ಕಲಿ. ನಿನ್ನಷ್ಟ ಪಗಾರ ಇಂವಂದೂ. ಇಂವ ಎತ್ತು ಕೊಳ್ಳಾಕ ಬಂದ. ನೀ ಇನ್ನೂ ಬಾರಕೋಲ ಹಿಡಕೊಂಡು ನಿಂತೀದಿ. ನಿನ್ನ ಕೈಯಾಗ ತೂತು ಅದ ನೋಡು."

ಸುತ್ತ ಇದ್ದ ಹಮಾಲರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅವರ ಮಾತನ್ನು ನಾನು ಪೂರ್ತಿ ನಂಬಿದ್ದೆ. ಬಂಡಿಯಲ್ಲಿ ಕುಳಿತು ಯಾವ ಸಂತೆಯಲ್ಲಿ ಎಷ್ಟು ಎಲೆ ಅಡಿಕೆ ತಿಂದೆ, ಎಲ್ಲಿ ಒಂದು ಕಪ್ಪು ಚಹಾ ಕುಡಿದೆ ಎಂದು ನೆನೆನೆನೆದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಬೀಡಿ ಬಿಟ್ಟೆ. ದಾರಿಯ ಮಧ್ಯಾಹ್ನದ ರೊಟ್ಟಿ ಒಂದು ಕಡಿಮೆ ಮಾಡಿದೆ. ಮೂರನೆಯ ಸಲ ಗಂಟು ಕಟ್ಟಿದೆವು. ನಾಗಿಗೆ ಕಲ್ಮಲದಲ್ಲಿ ಒಬ್ಬ ಹುಡುಗನನ್ನು ನೋಡಿದ್ದೆವು. ಕಲ್ಲು ಕಟ್ಟುವ ಕೆಲಸದವನು, ಅವಳಿಗಿಂತ ನಾಲ್ಕು ವರ್ಷ ದೊಡ್ಡವನು. ಮಾತು ಮುಗಿದಿತ್ತು. ಅವಳ ಮದುವೆಯ ಖರ್ಚು ತೆಗೆದರೂ ಒಂದು ಎತ್ತಿನ ಬೆಲೆ ಉಳಿಯುತ್ತದೆ ಎಂದು ಯವ್ವ ಲೆಕ್ಕ ಹಾಕಿದ್ದಳು.

ಆ ಬೇಸಿಗೆ ಮೊದಲಾದಾಗ ನನ್ನ ಎಡಮೊಣಕಾಲಿನ ಕೆಳಗೆ ಒಂದು ಬೊಬ್ಬೆ ಎದ್ದಿತು. ಕೆಂಡ ಇಟ್ಟ ಹಾಗೆ ಉರಿ. ನಾನು ಮುಳ್ಳು ಚುಚ್ಚಿದೆ ಎಂದುಕೊಂಡೆ, ಅಥವಾ ಹಾಗೆಂದುಕೊಳ್ಳಲು ಬಯಸಿದೆ. ಮನೆಗೆ ಬಂದು ಕಾಲನ್ನು ತಣ್ಣೀರಿನ ಬಾನಿಯಲ್ಲಿ ಇಟ್ಟಾಗ ಬೊಬ್ಬೆ ಒಡೆಯಿತು. ಯವ್ವ ಬಗ್ಗಿ ನೋಡಿದಳು. ಹುಣ್ಣಿನ ಬಾಯಲ್ಲಿ ಬಿಳಿ ಎಳೆಯ ತುದಿಯೊಂದು ಕಾಣುತ್ತಿತ್ತು.

"ನಾರು ಅದನೋ ಯಪ್ಪಾ" ಎಂದಳು. ಆಮೇಲೆ ಸುಮ್ಮನೆ ಒಲೆಯ ಮುಂದೆ ಹೋಗಿ ಕುಳಿತಳು. ನಾಗಿ ಮಾತ್ರ ಅಳತೊಡಗಿದಳು. ಅವಳಿಗೆ ಯಾಕೆ ಅಳು ಬಂತೆಂದು ನನಗೆ ಆಗ ಹೊಳೆಯಲಿಲ್ಲ.

ನಮ್ಮ ಊರಲ್ಲಿ ಇಮಾಂಬಿ ಎಂಬ ಮುದುಕಿ ಇದ್ದಳು. ನಾರು ತೆಗೆಯುವುದು ಅವಳ ಕೈಗುಣ. ಮರುದಿನ ಬಂದು ಹುಣ್ಣಿನ ಸುತ್ತ ಎಣ್ಣೆ ಹಚ್ಚಿ, ಬೆರಳಿನಿಂದ ಮೆಲ್ಲಗೆ ಒತ್ತಿ, ಹುಳುವಿನ ತುದಿಯನ್ನು ಹೊರಗೆಳೆದು ಬೇವಿನ ಒಂದು ಸಣ್ಣ ಕಡ್ಡಿಗೆ ಸುತ್ತಿದಳು. ಒಂದೇ ಸುತ್ತು. ಕಡ್ಡಿಯನ್ನು ಕಾಲಿಗೆ ಬಟ್ಟೆಯಿಂದ ಕಟ್ಟಿದಳು.

"ನಾ ದಿನಾ ಬರ್ತೀನಿ. ಒಂದೊಂದ ಸುತ್ತು ಸುತ್ತೂದು. ನೀ ಮುಟ್ಟಬ್ಯಾಡ ಬೇಟಾ. ಜಗ್ಗಿದಿ ಅಂದ್ರ ಒಳಗ ಹರೀತದ. ಹರಿದ್ರ ಕಾಲು ಹೋಗ್ತದ, ಜೀವಾನೂ ಹೋಗ್ತದ. ಸಬರ್ ಬೇಕು, ತಾಳ್ಮಿ ಬೇಕು."

"ಎಷ್ಟು ದಿನಾ ಆಗ್ತದ ಚಾಚಿ?"

"ಅದು ಬಂದಷ್ಟು ದಿನಾ."

ಅವಳು ದುಡ್ಡು ಮುಟ್ಟುತ್ತಿರಲಿಲ್ಲ. ಹೋಗುವಾಗ ಒಂದು ಚಿಟಿಕೆ ತಂಬಾಕು ಕೇಳುತ್ತಿದ್ದಳು, ಅಷ್ಟೇ. ದಿನವೂ ಅವಳ ಕೋಲಿನ ಸದ್ದು ಕೇಳಿದೊಡನೆ ನನಗೆ ಅರ್ಧ ನೋವು ಇಳಿದ ಹಾಗೆ ಆಗುತ್ತಿತ್ತು. ಸುತ್ತುವಾಗ ಮಾತಾಡುತ್ತಲೇ ಇರುತ್ತಿದ್ದಳು, ನನ್ನ ಗಮನ ಕಾಲಿನ ಮೇಲೆ ಬರದಂತೆ.

ಮಲಗಿದ್ದವನಿಗೆ ಮೊದಲು ಗೊತ್ತಾಗುವುದು ಮನೆಯ ಸದ್ದುಗಳು. ಯವ್ವ ಗಡಿಗೆಯೊಳಗೆ ಕೈ ಹಾಕುವ ಸದ್ದು ನನಗೆ ಗುರುತು ಸಿಗತೊಡಗಿತು. ಜೋಳದ ಕಾಳು ಸರಸರ ಎನ್ನುವುದು, ಆಮೇಲೆ ಬಟ್ಟೆಯ ಗಂಟು ಬಿಚ್ಚುವಷ್ಟು ಹೊತ್ತು ಸುಮ್ಮನಿರುವುದು. ನನಗೆ ಕಣ್ಣು ಮುಚ್ಚಿಕೊಳ್ಳಬೇಕೆನಿಸುತ್ತಿತ್ತು. ಪಗಾರ ನಿಂತಿತ್ತು, ತಿನ್ನುವುದು ನಿಂತಿರಲಿಲ್ಲ. ನಾಗಿ ಶೇಂಗಾ ಸುಲಿಯಲು ಹೋಗಿ ತಂದ ನಾಲ್ಕು ದುಡ್ಡು ಉಪ್ಪು ಮೆಣಸಿನಕಾಯಿಗೆ ಆಗುತ್ತಿತ್ತು.

ಹದಿನೆಂಟು ದಿನಕ್ಕೆ ಕಡ್ಡಿಯ ಮೇಲೆ ಒಂದು ಮೊಳಕ್ಕೂ ಹೆಚ್ಚು ಸುತ್ತಿಕೊಂಡಿತ್ತು. ಅಷ್ಟರಲ್ಲಿ ಶರಣಪ್ಪ ದೇವದುರ್ಗಕ್ಕೆ ಬಂದವನು ನಮ್ಮ ಕೇರಿಯ ಬಾಯಿಗೆ ಬಂಡಿ ನಿಲ್ಲಿಸಿ ಕೂಗಿದ. ನಾಗಿಯ ಹೆಗಲು ಹಿಡಿದು ಹೊರಗೆ ಹೋದೆ.

"ಸಾವುಕಾರ್ರು ಹೇಳಿ ಕಳಿಸ್ಯಾರ. ಹಂಗಾಮು ಮುಗಿಯೂದ್ರೊಳಗ ಮಾಲು ಎಳೀಬೇಕಂತ. ಈ ವಾರ ನೀ ಬರಲಿಲ್ಲ ಅಂದ್ರ ನಿನ್ನ ಬಂಡಿಗೆ ಬ್ಯಾರೆಯವನ್ನ ಇಡ್ತಾರಂತ." ಅವನು ನನ್ನ ಕಾಲನ್ನು ನೋಡಿದ. "ನೀ ಬರಬ್ಯಾಡ ಹಣಮಂತಾ. ನಾ ಏನರೆ ಒಂದು ಹೇಳ್ತೀನಿ."

"ಬ್ಯಾರೆಯವನ್ನ ಇಟ್ರ ಆಮ್ಯಾಲ ನನಗ ಬಂಡಿ ಯಾರು ಕೊಡ್ತಾರ?"

ನಾನು ಹೊರಡುವುದೆಂದು ಗಟ್ಟಿ ಮಾಡಿದೆ. ಇಮಾಂಬಿ ಬೈದಳು. ಯವ್ವ ಬೈಯಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬೇಡ ಎಂಬ ಮಾತು ಅವಳ ಬಾಯಿಯವರೆಗೆ ಬಂದದ್ದನ್ನು ನಾನು ಕಂಡೆ. ಕಡ್ಡಿಯ ಮೇಲೆ ಇನ್ನೊಂದು ಬಟ್ಟೆ ಬಿಗಿದು ಕಟ್ಟಿ, ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಕೊಟ್ಟಳು.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಕಲ್ಮಲಕ್ಕೆ ಇನ್ನೂ ಎರಡು ಹರದಾರಿ ದೂರ ಇರುವಾಗ ಒಂದು ಹಳ್ಳ ದಾಟಬೇಕಿತ್ತು. ನೀರಿರಲಿಲ್ಲ, ಮರಳು. ನನ್ನ ಬಂಡಿಯ ಒಂದು ಗಾಲಿ ಹೂತುಕೊಂಡಿತು. ಹಿಂದೆ ಬರುತ್ತಿದ್ದ ಶರಣಪ್ಪ ದೂರದಲ್ಲಿದ್ದ. ಅವನು ಬರುವವರೆಗೆ ಕಾಯಬಹುದಿತ್ತು. ಎತ್ತುಗಳು ಕುತ್ತಿಗೆ ಬಾಗಿಸಿ ಒದ್ದಾಡುತ್ತಿದ್ದುದನ್ನು ನೋಡಿ ಇಳಿದೆ. ಗಾಲಿಗೆ ಹೆಗಲು ಕೊಟ್ಟು ಎಡಗಾಲು ಊರಿ ಎತ್ತಿದೆ. ಬಂಡಿ ಮುಂದಕ್ಕೆ ಹೋಯಿತು. ಕಾಲಿನಲ್ಲಿ ಏನೋ ಪಟ್ ಎಂದಿತು. ನೋವೇನೂ ಆಗಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಬಟ್ಟೆ ಬಿಚ್ಚಿದರೆ ಕಡ್ಡಿ ಕೈಗೆ ಬಂತು, ಸುತ್ತಿದ ನಾರಿನ ಸಮೇತ. ಹುಣ್ಣಿನ ಬಾಯಲ್ಲಿ ತುದಿ ಇರಲಿಲ್ಲ. ಒಳಗೆ ಸರಿದುಹೋಗಿತ್ತು.

ರಾಯಚೂರು ಮುಟ್ಟುವ ಹೊತ್ತಿಗೆ ಜ್ವರ. ಮಾಲು ಇಳಿಸಿದ್ದು ನೆನಪಿಲ್ಲ. ಮೂರನೆಯ ದಿನಕ್ಕೆ ಕಾಲು ತೊಡೆಯವರೆಗೆ ಊದಿ ಹೊಳೆಯತೊಡಗಿತು. ಶರಣಪ್ಪ ನನ್ನನ್ನು ತನ್ನ ಬಂಡಿಯಲ್ಲಿ ಹಾಕಿಕೊಂಡು ಸರ್ಕಾರಿ ದವಾಖಾನೆಗೆ ತಂದ. ಹೊರಗಿನ ಪಡಸಾಲೆಯ ಕಲ್ಲುಹಾಸಿನ ಮೇಲೆ ಜನವೋ ಜನ. ಮಗುವನ್ನು ಮಡಿಲಲ್ಲಿ ಹಾಕಿಕೊಂಡವರು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು, ನನ್ನ ಹಾಗೆ ಕಾಲು ಚಾಚಿಕೊಂಡವರೇ ಏಳೆಂಟು ಮಂದಿ. ನನ್ನ ಪಕ್ಕ ಕುಳಿತಿದ್ದ ಒಬ್ಬ ಮುದುಕ ತನ್ನ ಕಾಲಲ್ಲಿ ಮೂರು ನಾರು ಒಮ್ಮೆಲೇ ಎದ್ದಿವೆ ಎಂದು ತೋರಿಸಿದ. ಅವನ ಮುಖದಲ್ಲಿ ಒಂಥರ ಹೆಮ್ಮೆಯಿತ್ತು. ನನಗೆ ಆ ಜ್ವರದಲ್ಲೂ ನಗು ಬಂತು. ಅವನೂ ನಕ್ಕ. ಒಂದು ತುಂಡು ಬೆಲ್ಲ ಕೊಟ್ಟ.

ಡಾಕ್ಟರ್ ಸಾಹೇಬರು ಉರ್ದುವಿನಲ್ಲಿ ಮಾತಾಡುತ್ತಿದ್ದರು. ಅವರ ಮಾತನ್ನು ಕಂಪೌಂಡರ ನಮಗೆ ಹೇಳುತ್ತಿದ್ದ. ಶರಣಪ್ಪ ಹೇಳಿ ಕಳಿಸಿದ್ದರಿಂದ ಯವ್ವ ಯಾರದೋ ಬಂಡಿ ಹತ್ತಿ ಅಷ್ಟರಲ್ಲಿ ಬಂದಿದ್ದಳು.

"ಮೊಣಕಾಲಾಗ ಕೀವು ತುಂಬ್ಯದ. ಕೊಯ್ದು ತಗೀತಾರ. ಇಳೀಲಿಲ್ಲ ಅಂದ್ರ ಕಾಲು ತಗೀಬೇಕಾಗ್ತದ ಅಂತಾರ" ಎಂದ ಕಂಪೌಂಡರ.

"ಕಾಲು ತಗದ್ರ ಬಂಡಿ ಹ್ಯಾಂಗ ಹೊಡೀತಾನ್ರೀ?" ಎಂದು ಯವ್ವ ಕೇಳಿದಳು.

ಕಂಪೌಂಡರ ಅದನ್ನು ಡಾಕ್ಟರರಿಗೆ ಹೇಳಲಿಲ್ಲ.

ಮೂಗಿಗೆ ಮತ್ತಿನ ಔಷಧಿಯ ಬಟ್ಟೆ ಹಿಡಿದರು. ಎಚ್ಚರವಾದಾಗ ಮೊದಲು ಕೈಯಿಂದ ಮುಟ್ಟಿ ನೋಡಿದೆ. ಕಾಲು ಇತ್ತು. ಆಮೇಲೆ ಇನ್ನೂ ಎರಡು ಸಲ ಕೊಯ್ದರು. ದಿನವೂ ಗಾಯದೊಳಗೆ ಬಟ್ಟೆಯ ಪಟ್ಟಿ ತುರುಕಿ, ಮರುದಿನ ಎಳೆಯುತ್ತಿದ್ದರು. ಬೆಳಿಗ್ಗೆ ಪಟ್ಟಿ ತರುವ ತಳ್ಳುಗಾಡಿಯ ಗಾಲಿಯ ಸದ್ದು ನಾಲ್ಕು ಮಂಚದಾಚೆ ಕೇಳುತ್ತಲೇ ನಾನು ಹಲ್ಲು ಕಚ್ಚುತ್ತಿದ್ದೆ. ಕಸ ಗುಡಿಸುವ ಹೆಂಗಸೊಬ್ಬಳು ಯಾರೂ ಹೇಳದೆಯೇ ನನ್ನ ಮಂಚವನ್ನು ಕಿಟಕಿಯ ಕಡೆ ತಿರುಗಿಸಿದ್ದಳು. ರಾಯಚೂರಿನ ಬೇಸಿಗೆಯಲ್ಲಿ ಆ ಗಾಳಿ ನನ್ನನ್ನು ಉಳಿಸಿತು ಎಂದು ಈಗಲೂ ಹೇಳುತ್ತೇನೆ.

ಯವ್ವ ಹೊರಗಿನ ಪಡಸಾಲೆಯಲ್ಲಿ ಇದ್ದಳು, ನಡುವೆ ಒಂದೆರಡು ಸಲ ಊರಿಗೆ ಹೋಗಿ ಬಂದಳು. ದವಾಖಾನೆಗೆ ದುಡ್ಡು ಕೊಡಬೇಕಾಗಿರಲಿಲ್ಲ. ಆದರೆ ಅವಳು ತಿನ್ನಬೇಕಲ್ಲ, ನನಗೆ ಹಾಲು ಕೊಡಬೇಕೆಂದು ಹೇಳಿದ್ದರಲ್ಲ, ಊರಲ್ಲಿ ನಾಗಿ ಇದ್ದಳಲ್ಲ.

ಶರಣಪ್ಪ ರಾಯಚೂರಿಗೆ ಬಂದಾಗಲೆಲ್ಲ ನೋಡಲು ಬರುತ್ತಿದ್ದ. ಮನೆಯಿಂದ ಕಟ್ಟಿಸಿಕೊಂಡು ಬಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಮಂಚದ ಮೇಲೆ ಇಡುತ್ತಿದ್ದ. ಒಂದು ದಿನ ಅವನು ಇರುವಾಗಲೇ ಡಾಕ್ಟರರು ಬಂದರು. ಕಂಪೌಂಡರ ನಾರಿನ ರೋಗಿಗಳಿಗೆಲ್ಲ ಹೇಳುವ ಹಾಗೆ ನನಗೂ ಹೇಳಿದ:

"ಇದು ನೀರಿನಿಂದ ಬರೂದು. ಮೆಟ್ಟಿಲ ಬಾವಿಯಾಗ ಜನ ಕಾಲು ಇಟ್ಟು ಇಳೀತಾರಲ್ಲ, ಆ ನೀರು ಕುಡಿದ್ರ ಮುಂದಿನ ವರ್ಷ ಏಳ್ತದ. ಎರಡು ಪದರು ಬಟ್ಟಿಲೆ ಸೋಸಿ ಕುಡೀರಿ. ಸೋಸಿದ್ರ ಬರಂಗಿಲ್ಲ."

ಅವರು ಹೋದರು. ಶರಣಪ್ಪ ತಲೆ ಎತ್ತಲಿಲ್ಲ. ನಮ್ಮಿಬ್ಬರಿಗೂ ಒಂದೇ ನೆನಪು ಬಂದಿತ್ತು. ದಾರಿಯಲ್ಲಿ ಇಬ್ಬರೂ ಒಂದೇ ಬಾವಿಯಲ್ಲಿ ನೀರು ತುಂಬಿಕೊಳ್ಳುತ್ತಿದ್ದೆವು. ಅವನು ತನ್ನ ನೀರಿನ ತತ್ರಾಣಿಯ ಬಾಯಿಗೆ ಮಡಿಬಟ್ಟೆ ಕಟ್ಟಿ ಸೋಸಿಕೊಳ್ಳುತ್ತಿದ್ದ. ಅವರ ಮನೆಯಲ್ಲಿ ಸೋಸದ ನೀರು ಕುಡಿಯಬಾರದು, ಅದು ಅವರ ಆಚಾರ. ನಾನು ಹಾಗೇ ಬೊಗಸೆಯಲ್ಲಿ ಕುಡಿಯುತ್ತಿದ್ದೆ. ಅವನ ತತ್ರಾಣಿಯನ್ನು ನಾನು ಮುಟ್ಟುವಂತಿರಲಿಲ್ಲ. ಅವನು ಕೊಡುತ್ತೇನೆ ಎಂದಿರಲಿಲ್ಲ, ನಾನು ಕೇಳಿರಲೂ ಇಲ್ಲ. ಐದು ವರ್ಷ ಆ ತತ್ರಾಣಿ ನನ್ನಿಂದ ಒಂದು ಮಾರು ದೂರದಲ್ಲಿ ತೂಗಾಡುತ್ತಿತ್ತು.

ಆಮೇಲೆ ಅವನು, "ನಾ ಬಂಡಿ ತಗೊಂಡೆ" ಎಂದ. "ಎತ್ತೂ ತಗೊಂಡೆ. ನಿನಗ ಹ್ಯಾಂಗ ಹೇಳೂದು ಅಂತ ಎರಡು ಸಲ ಬಂದು ಹೇಳದ ಹೋದೆ."

"ಚಲೋ ಆತು" ಎಂದೆ. ನಿಜವಾಗಿ ಅನ್ನಬೇಕೆಂದೇ ಅಂದೆ. ಆದರೆ ದನಿ ಹಾಗೆ ಬರಲಿಲ್ಲ. "ನಿನ್ನ ಕೈ ಗಟ್ಟಿ. ಸಾವುಕಾರ್ರು ಹೇಳಿದ್ದ ಖರೇ. ನನ್ನ ಕೈಯಾಗ ತೂತು."

ಶರಣಪ್ಪನಿಗೆ ಸಿಟ್ಟು ಬಂತು. ಅವನು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ.

"ಯಾವ ತೂತಲೇ? ನಾ ಏನ ಉಳಿಸೀನಿ? ಹೊಲದಾಗ ಬೆಳದು ಹಗೇವಿನಾಗ ತುಂಬಿದ ಜೋಳ ನಮ್ಮಪ್ಪ ಕಳಸ್ತಾನ, ನಾ ಒಂದು ಸೇರು ಕೊಂಡಾಂವಲ್ಲ. ಮನಿ ನಮ್ಮ ಮುತ್ಯಾ ಕಟ್ಟಿಸಿದ್ದು. ಅಕ್ಕನ ಮದಿವಿ ನಮ್ಮ ಕಾಕಾ ಮಾಡಿದ. ಐದು ವರ್ಷದಾಗ ನಮ್ಮ ಮನ್ಯಾಗ ಒಬ್ರೂ ಮಲಗಲಿಲ್ಲ. ಪಗಾರ ತಂದು ಇಟ್ಟೆ, ಅದು ಅಲ್ಲೇ ಇತ್ತು. ಇದರಾಗ ನನ್ನ ಶಾಣ್ಯಾತನ ಏನದ? ಸಾವುಕಾರ್ರು ಅಷ್ಟ ಮಂದಿ ಮುಂದ ಅಂತಿದ್ರಲ್ಲ, ನನಗ ಹಿತ ಅನಸ್ತಿತ್ತು, ಸುಮ್ಮ ನಿಂದರ್ತಿದ್ದೆ. ನಾ ಅವತ್ತ ಬಾಯಿ ತಗೀಬೇಕಿತ್ತು."

ಅವನು ಎದ್ದು ಹೋದ. ಹೋಗುವಾಗ ಮೂಲೆಯ ಗಡಿಗೆಯಿಂದ ನನ್ನ ಹಿತ್ತಾಳೆ ಲೋಟಕ್ಕೆ ನೀರು ತುಂಬಿ ನನ್ನ ಕೈಗೇ ಕೊಟ್ಟ. ಪಕ್ಕದ ಮಂಚದವನು ನೋಡುತ್ತಿದ್ದ. ಶರಣಪ್ಪ ಅದನ್ನು ಗಮನಿಸಿದರೂ ಅವಸರ ಮಾಡಲಿಲ್ಲ.

ಆ ದಿನ ನನಗೆ ಎದೆಯ ಮೇಲಿಂದ ಒಂದು ಚೀಲ ಇಳಿಸಿದ ಹಾಗಾಯಿತು. ತಪ್ಪು ನನ್ನದಲ್ಲ ಎಂದು ಯಾರಾದರೂ ಒಬ್ಬರು ಹೇಳಲಿ ಎಂದು ನಾನು ಎಷ್ಟು ಕಾದಿದ್ದೆ ಎಂಬುದು ಅವನು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಆದರೆ ಹಗುರಾದದ್ದು ಬಹಳ ದಿನ ಉಳಿಯಲಿಲ್ಲ.

ಐವತ್ತು ದಿನದ ಮೇಲೆ ನನ್ನನ್ನು ಬಿಟ್ಟರು. ಕಾಲು ಉಳಿದಿತ್ತು, ಮೊಣಕಾಲು ಕಟ್ಟಿಗೆಯಾಗಿತ್ತು. ಎಷ್ಟು ಎಣ್ಣೆ ತಿಕ್ಕಿದರೂ ಮಡಚಲಿಲ್ಲ. ಶರಣಪ್ಪ ತನ್ನ ಹೊಸ ಬಂಡಿಯಲ್ಲಿ ಹುಲ್ಲು ಹಾಸಿ ನಮ್ಮಿಬ್ಬರನ್ನೂ ದೇವದುರ್ಗಕ್ಕೆ ಮುಟ್ಟಿಸಿದ. ದಾರಿಯಲ್ಲಿ ಯವ್ವ ಹೇಳಿದಳು. ಬಂಡಿಯ ಕುಲುಕಾಟದಲ್ಲಿ ಮುಖ ನೋಡದೆ ಹೇಳಬಹುದೆಂದೇ ಅಲ್ಲಿಯವರೆಗೆ ಕಾದಿದ್ದಳೆಂದು ಕಾಣುತ್ತದೆ.

"ಗಂಟು ಮುಗೀತು, ಹಣಮಂತಾ."

"ಗೊತ್ತದ ಯವ್ವಾ."

"ಕಲ್ಮಲದವರು ದಾರಿ ನೋಡಿದ್ರು. ಯುಗಾದಿ ಮುಗದ ಮ್ಯಾಲೂ ನಾವು ಏನೂ ಹೇಳಲಿಲ್ಲ. ಅವರು ಬ್ಯಾರೆ ಕಡೆ ಮಾಡಿಕೊಂಡ್ರು." ಸ್ವಲ್ಪ ತಡೆದು, "ಮಾನ್ವಿ ಸೀಮಿ, ಕವಿತಾಳದ ಹತ್ತರ ಒಬ್ಬಾತ ಅದಾನ. ಹೇಣ್ತಿ ಸತ್ತಾಳ. ಎರಡು ಮಕ್ಕಳು. ಏನೂ ಖರ್ಚು ಬ್ಯಾಡ, ಸೀರಿ ನಾನೇ ತರ್ತೀನಿ ಅಂತಾನ. ನಾ ಹೂಂ ಅಂದೀನಿ."

"ನಾಗಿ ಏನಂದ್ಲು?"

"ಅಕಿ ಏನಂತಾಳ? ನಿನ್ನ ಕಾಲು ಉಳೀತಂತಲ್ಲ ಅಂದ್ಲು."

ನಾನು ಬಂಡಿಯ ಹಲಗೆಗೆ ಮುಖ ಒತ್ತಿಕೊಂಡೆ. ಮುಂದೆ ಕುಳಿತಿದ್ದ ಶರಣಪ್ಪ ಎಲ್ಲವನ್ನೂ ಕೇಳಿಸಿಕೊಂಡ, ಒಂದು ಸಲವೂ ಹಿಂತಿರುಗಲಿಲ್ಲ.

ನಾಗಿಗೆ ಆಗ ಹದಿನೈದು. ಆ ವರನಿಗೆ ನಲವತ್ತರ ಹತ್ತಿರ. ಮದುವೆ ಅರ್ಧ ದಿನದಲ್ಲಿ ಮುಗಿಯಿತು.

ಬಂಡಿ ಹೊಡೆಯುವ ಕೆಲಸ ಮುಗಿದಂತಾಯಿತು. ಸಾವುಕಾರರು ನನ್ನನ್ನು ನೋಡಿ ಈ ಸಲ ಕೈಯ ತೂತಿನ ಮಾತು ಎತ್ತಲಿಲ್ಲ. ಆಮೇಲೆ ರಾಯಚೂರಿನ ತಮ್ಮ ಗೋದಾಮಿನಲ್ಲಿ ಗೋಣಿಚೀಲ ಹೊಲಿಯಲು ಕೂಡಿಸಿದರು. ಕಾಲು ಚಾಚಿಕೊಂಡು ಕುಳಿತು ದಬ್ಬಣದಲ್ಲಿ ಹೊಲಿಯುವುದು. ಚೀಲಕ್ಕಿಷ್ಟು ಎಂದು ಕೂಲಿ, ಬಂಡಿಯ ಪಗಾರದ ಅರ್ಧವೂ ಆಗುತ್ತಿರಲಿಲ್ಲ. ನಾನೂ ಯವ್ವನೂ ಅಲ್ಲೇ ಒಂದು ಗುಡಿಸಲು ಹಾಕಿಕೊಂಡೆವು. ನೀರನ್ನು ಬಟ್ಟೆಯಲ್ಲಿ ಸೋಸದೆ ಯವ್ವ ಒಂದು ಹನಿ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮರುವರ್ಷ ದನಗಳಿಗೆ ರೋಗ ಬಂದು ಶರಣಪ್ಪನ ಎರಡೂ ಎತ್ತು ಒಂದೇ ವಾರದಲ್ಲಿ ಸತ್ತವು. ಸುದ್ದಿ ಕೇಳಿ ನನಗೆ ಒಂದು ಕ್ಷಣ ಒಳಗೊಳಗೆ ಸಮಾಧಾನವಾಯಿತು. ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ನಾಚಿಕೆಯಾಗಿ ಅವನನ್ನು ಹುಡುಕಿಕೊಂಡು ಹೋದೆ. ಅವನ ಸೋದರಮಾವ ತನ್ನ ಕೊಟ್ಟಿಗೆಯಿಂದ ಒಂದು ಜೋಡಿ ಹೊಡೆದುಕೊಂಡು ಬಂದು ಕಟ್ಟಿ ಹೋಗಿದ್ದ. ತಿಂಗಳೊಳಗೆ ಅವನ ಬಂಡಿ ಮತ್ತೆ ದಾರಿ ಹಿಡಿದಿತ್ತು. "ನೋಡು" ಎಂದು ಅವನು ಆ ಎತ್ತುಗಳ ಕಡೆ ಕೈ ಮಾಡಿದ.

ಮೂರು ವರ್ಷ ಚೀಲ ಹೊಲಿದೆ. ಆ ಮೂರು ವರ್ಷ ಯಾಕೋ ನಮಗೆ ಏನೂ ಆಗಲಿಲ್ಲ. ಯವ್ವ ಮಲಗಲಿಲ್ಲ, ಗುಡಿಸಲು ಬೀಳಲಿಲ್ಲ. ನಾನು ಮೊದಲಿಗಿಂತ ಬುದ್ಧಿವಂತನಾಗಿರಲಿಲ್ಲ, ಬೀಡಿ ಕೂಡ ಮತ್ತೆ ಹಿಡಿದಿದ್ದೆ. ಆದರೂ ಗಡಿಗೆಯಲ್ಲಿ ಒಂದು ಸಣ್ಣ ಗಂಟು ಕೂಡಿತು. ನಾಗಿಗೆ ಬೆಳ್ಳಿಯ ಕಾಲುಂಗುರ, ಒಂದು ಒಳ್ಳೆಯ ಸೀರೆ ಒಯ್ಯಬೇಕೆಂದುಕೊಂಡೆ. ಅವಳ ಮದುವೆಯಲ್ಲಿ ಅಣ್ಣನಾಗಿ ನಾನು ಏನೂ ಕೊಟ್ಟಿರಲಿಲ್ಲ.

ಶರಣಪ್ಪನ ಬಂಡಿಯಲ್ಲಿ ಹೋದೆ. ಅವಳ ಮನೆಯ ಬಾಗಿಲಲ್ಲಿ ಎರಡು ಮಕ್ಕಳು ಕುಳಿತಿದ್ದವು. ಒಳಗೆ ನಾಗಿ ಚಾಪೆಯ ಮೇಲೆ ಮಲಗಿದ್ದಳು. ಹಿಮ್ಮಡಿಯ ಮೇಲ್ಗಡೆ ಬಟ್ಟೆ ಕಟ್ಟಿತ್ತು. ನನಗೆ ಬಿಚ್ಚಿ ನೋಡುವ ಅಗತ್ಯ ಇರಲಿಲ್ಲ.

"ಎಷ್ಟು ದಿನಾ ಆತು?"

"ನಾಕು ದಿನಾ, ಯಣ್ಣಾ. ನಾಳಿ ಎದ್ದು ಹೋಗ್ತೀನಿ. ಹೊಲದಾಗ ಹತ್ತಿ ಕಟಿಗಿ ಕೀಳೂದದ. ಇವರೊಬ್ರ ಕೈಲಿ ಆಗಂಗಿಲ್ಲ. ನಾ ಹೋಗಲಿಲ್ಲ ಅಂದ್ರ ಹೊಲದವ್ರು ಬ್ಯಾರೆಯವ್ರನ್ನ ಕರೀತಾರ."

ಅವಳ ಗಂಡ ಬಾಗಿಲಲ್ಲಿ ನಿಂತಿದ್ದ. ಕೆಟ್ಟವನಲ್ಲ, ದಣಿದವನು. "ನಾ ಏನ ಮಾಡ್ಲಿ, ಮಾಂವಾ?" ಎಂದ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವನು ನನ್ನನ್ನು ಹಾಗೆ ಕರೆದ.

ನಾನು ಗಂಟು ಬಿಚ್ಚಿದೆ. "ಅಕಿ ಬದಲಿಗೆ ಒಂದು ಆಳು ಇಡು. ಅಕಿ ಏಳೂತನಕ ಇಷ್ಟು ಸಾಕಾಗ್ತದ. ನಾನೂ ಇಲ್ಲೇ ಇರ್ತೀನಿ."

"ನಿನ್ನ ಕೂಲಿ ಯಣ್ಣಾ?" ಎಂದಳು ನಾಗಿ.

"ಹೋಗ್ಲಿ."

ಇಪ್ಪತ್ತಾರು ದಿನ ಅಲ್ಲೇ ಇದ್ದೆ. ಇಮಾಂಬಿ ಅಷ್ಟು ಹೊತ್ತಿಗೆ ತೀರಿಕೊಂಡಿದ್ದಳು. ಅವಳು ಮಾಡುತ್ತಿದ್ದ ಹಾಗೆಯೇ ಎಣ್ಣೆ ಹಚ್ಚಿ, ಒತ್ತಿ, ದಿನಕ್ಕೆ ಒಂದು ಸುತ್ತು ಸುತ್ತಿದೆ. ಸುತ್ತುವಾಗ ಏನಾದರೂ ಮಾತಾಡುತ್ತಿದ್ದೆ. ಒಂದು ದಿನ ಅಲ್ಲಿಯವರೆಗೆ ಬಾಯಿಗೆ ಬಾರದಿದ್ದ ಮಾತನ್ನೂ ಆಡಿದೆ.

"ಕಲ್ಮಲದ ಆ ಹುಡುಗಗ ನಿನ್ನ ಕೊಡಬೇಕಿತ್ತು, ನಾಗಿ. ನನ್ನ ಕಾಲಿಗೆ ನಿನ್ನ ಬದುಕು ಹೋತು."

ಅವಳು ಮೇಲೆ ತೊಲೆಯ ಕಡೆ ನೋಡಿದಳು. "ಹೋತು" ಎಂದಳು. ಆಮೇಲೆ, "ನೀ ಬೇಕಂತ ಮಾಡಿಲ್ಲ. ನನಗ ಸಿಟ್ಟು ಬರ್ತದ, ಯಾರ ಮ್ಯಾಲ ಅಂತ ಗೊತ್ತಾಗಂಗಿಲ್ಲ. ನೀ ಸುತ್ತು."

ಸುಳ್ಳು ಸಮಾಧಾನ ಹೇಳಲಿಲ್ಲ ಅವಳು. ಅದಕ್ಕೇ ಇರಬೇಕು, ಅಂದಿನಿಂದ ಅವಳ ಮುಖ ನೋಡಿ ಮಾತಾಡಲು ನನಗೆ ಸಾಧ್ಯವಾಯಿತು.

ಇಪ್ಪತ್ನಾಲ್ಕನೆಯ ದಿನ ನಾರು ಪೂರ್ತಿ ಬಂತು, ಒಂದಿಷ್ಟೂ ಹರಿಯದೆ. ಇನ್ನೆರಡು ದಿನಕ್ಕೆ ಹುಣ್ಣಿನ ಬಾಯಿ ಕೂಡಿತು. ನಾನು ಹೊರಡುವ ದಿನ ಊರ ಹೊರಗಿನ ದಾರಿಯವರೆಗೆ ಕಳಿಸಲು ಬಂದಳು. ನನ್ನ ಬಟ್ಟೆಯ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು, ಆ ಎರಡು ಮಕ್ಕಳಲ್ಲಿ ಚಿಕ್ಕದನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದಳು. ಅವಳ ನಡಿಗೆ ಬೀಸಾಗಿತ್ತು. ನಾನು ಹಿಂದೆ ಬೀಳುತ್ತಿದ್ದೆ. ಹತ್ತು ಹೆಜ್ಜೆಗೊಮ್ಮೆ ಅವಳು ನಿಂತು, ಹೊರಳಿ ನೋಡಿ, ನಾನು ಬಂದು ಕೂಡುವವರೆಗೆ ಕಾಯುತ್ತಿದ್ದಳು.